ಗಣಿ ಮುಚ್ಚಿದ ಜಮೀನಿನಲ್ಲಿ ನೀರಾವರಿ ಹುಲ್ಲುಗಾವಲು: ಯಾವುದು ಮೊದಲು, ಯಾವುದು ಆಮೇಲೆ

ಗಣಿ ಮುಚ್ಚಿ, ಮಣ್ಣು ಹರಡಿ, ಸಮ ಮಾಡಿದ ಜಮೀನಿನಲ್ಲಿ ಹುಲ್ಲು ಬೆಳೆಸಲು ಹೋದವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ವರ್ಷ ಹುಲ್ಲು ಚೆನ್ನಾಗಿಯೇ ಬರುತ್ತದೆ. ಎರಡನೇ ವರ್ಷ ಅಲ್ಲಲ್ಲಿ ಹಳದಿ ತಿರುಗುತ್ತದೆ. ನೀರು ಸಾಲುತ್ತಿಲ್ಲ ಅಂದುಕೊಂಡು ಇನ್ನಷ್ಟು ನೀರು ಬಿಡುತ್ತಾರೆ. ಹಳದಿ ಇನ್ನೂ ಹರಡುತ್ತದೆ. ಆಮೇಲೆ ಬೋಳು ತೇಪೆಗಳು ಏಳುತ್ತವೆ, ಇಳಿಜಾರಿನ ಬುಡದಲ್ಲಿ ಕೆಂಪು ನೀರು ಒಸರತೊಡಗುತ್ತದೆ, ದನಗಳಿಗೆ ಭೇದಿ ಹಿಡಿಯುತ್ತದೆ.

ಇಂಥ ಜಮೀನು ನೋಡಲು ಹೊಲದಂತಿದ್ದರೂ ಒಳಗೆ ಹೊಲವಲ್ಲ. ಮೇಲೆ ಒಂದು ಅಡಿಯಷ್ಟೋ ಎರಡು ಅಡಿಯಷ್ಟೋ ತಂದು ಹರಡಿದ ಮೇಲ್ಮಣ್ಣು. ಅದರ ಕೆಳಗೆ ಅಗೆದು ತೆಗೆದ ಕಲ್ಲು, ಜೇಡಿ, ಪುಡಿ ಎಲ್ಲ ಸೇರಿದ ರಾಶಿ. ಅದನ್ನು ಇಲ್ಲಿ ಗಣಿರಾಶಿ ಅನ್ನೋಣ. ಎರಡರ ನಡುವೆ ಭಾರಿ ಲಾರಿ, ಡೋಜರ್ ಓಡಾಡಿ ಅಮುಕಿದ ಗಟ್ಟಿ ಪದರ. ಹುಲ್ಲಿಗೆ ಬೇಕಾದ್ದು ಮೇಲ್ಮಣ್ಣಿನ ಹದ ಮಾತ್ರ. ಅದಕ್ಕಿಂತ ಕೆಳಗೆ ಇಳಿದ ನೀರು ಹುಲ್ಲಿಗೂ ಸಿಗುವುದಿಲ್ಲ, ಸುಮ್ನೆ ಇರುವುದೂ ಇಲ್ಲ. ಗಣಿರಾಶಿಯ ಉಪ್ಪು, ಆಮ್ಲ, ಲೋಹಗಳನ್ನು ಕರಗಿಸಿಕೊಂಡು ಎಲ್ಲೋ ಒಂದು ಕಡೆ ಹೊರಗೆ ಬರುತ್ತದೆ. ಹಾಗಾಗಿ ಇಲ್ಲಿಯ ಇಡೀ ಕೆಲಸ ಒಂದೇ: ಮೇಲ್ಮಣ್ಣಿಗೆ ಎಷ್ಟು ಬೇಕೋ ಅಷ್ಟೇ ನೀರು ಕೊಡುವುದು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ. ಕ್ರಮ ತಪ್ಪಿಸಬೇಡಿ.

## ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ದುಬಾರಿ ಯಂತ್ರಗಳಿಗಿಂತ ಮೊದಲು ಅಳತೆಯ ಸಾಮಾನು ಬೇಕು. ಬೆರಳು ದಪ್ಪದ, ಒಂದು ಮೀಟರ್ ಉದ್ದದ, ಹಿಡಿ ಇರುವ ಕಬ್ಬಿಣದ ಸರಳು. ಗುದ್ದಲಿ, ಮಣ್ಣು ತೆಗೆಯುವ ಆಗರ್. ಪಿಎಚ್ (ಇದು ಇಳಿದಷ್ಟೂ ಆಮ್ಲ ಜಾಸ್ತಿ) ಮತ್ತು ಇಸಿ (ಇದು ಏರಿದಷ್ಟೂ ಉಪ್ಪು ಜಾಸ್ತಿ) ತೋರಿಸುವ ಕೈಮೀಟರ್. ತೇವ ಅಳೆಯುವ ಟೆನ್ಸಿಯೋಮೀಟರ್, ಕನಿಷ್ಠ ಒಂದು ಜೋಡಿ. ಒಂದೇ ಅಳತೆಯ, ನೇರ ಅಂಚಿನ ಇಪ್ಪತ್ತು ಡಬ್ಬಿಗಳು. 20–30 ಸೆಂ.ಮೀ. ಅಗಲದ ಒಂದು ಕೊಳವೆಯ ತುಂಡು. ಪಕ್ಕದಲ್ಲಿ ತೂತು ಕೊರೆದ ಪಿವಿಸಿ ಪೈಪ್, ಕೆಳಗಿನ ನೀರು ನೋಡಲು. ಮಳೆಯ ಅಳತೆಯ ಪಾತ್ರೆ.

ನೆಲ ಸೀಳುವ ರಿಪ್ಪರ್ ಅಥವಾ ಸಬ್‌ಸಾಯ್ಲರ್ ಬಾಡಿಗೆಗೆ ತಂದರೆ ಸಾಕು. ಅದು ಬೇಕಾಗುವುದು ಒಂದೇ ಸಲ.

## ಹಂತ 1: ಕಾಗದ ನೋಡಿ, ಆಮೇಲೆ ನೆಲ ನೋಡಿ

ಗಣಿ ಮುಚ್ಚುವಾಗ ಮಾಡಿದ ಯೋಜನೆಯ ಕಾಗದ ಕೇಳಿ ಪಡೆಯಿರಿ. ಅದರಲ್ಲಿ ಮೂರು ವಿಷಯ ಹುಡುಕಿ: ಮೇಲ್ಮಣ್ಣು ಎಲ್ಲಿ ಎಷ್ಟು ದಪ್ಪ ಹಾಕಿದ್ದಾರೆ, ಕೆಟ್ಟ ಗಣಿರಾಶಿಯನ್ನು ಎಲ್ಲಿ ಹೂತಿದ್ದಾರೆ, ಅದರ ಮೇಲೆ ನೀರು ಇಳಿಯದಂತೆ ಜೇಡಿಯ ಮುಚ್ಚಳ ಹಾಕಿದ್ದಾರೆಯೇ. ಮುಚ್ಚಳ ಇರುವ ಕಡೆ ನೀರಾವರಿಯೂ ಬೇಡ, ನೆಲ ಸೀಳುವುದೂ ಬೇಡ. ನೀರು ಒಳಗೆ ಹೋಗಬಾರದೆಂದೇ ಹಾಕಿದ ಪದರವನ್ನು ನಾವೇ ಸೀಳಿ ಮೇಲಿಂದ ನೀರು ಬಿಟ್ಟರೆ ಅದಕ್ಕೆ ಅರ್ಥವೇ ಇಲ್ಲ, ಅಲ್ವಾ? ಆ ಜಾಗದಲ್ಲಿ ಮಳೆಗೆ ಬರುವಷ್ಟು ಹುಲ್ಲು ಬಂದರೆ ಸಾಕು. ಜಮೀನಿನಲ್ಲಿ ನೀರಾವರಿಗೆ ಮತ್ತು ಮೇಯಿಸಲು ಅನುಮತಿ ಇದೆಯೇ ಎಂಬುದನ್ನೂ ಈಗಲೇ ಖಚಿತ ಮಾಡಿಕೊಳ್ಳಿ.

ಆಮೇಲೆ ನಡೆದು ನೋಡಿ, ಮಳೆ ಬಂದ ಮರುದಿನವಾದರೆ ಒಳ್ಳೆಯದು. ಎಲ್ಲಿ ನೀರು ನಿಂತಿದೆ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ನೆಲ ಕುಸಿದು ತಗ್ಗಾಗಿದೆ, ಎಲ್ಲಿ ಬಿಳಿ ಪುಡಿ ಎದ್ದಿದೆ, ಎಲ್ಲಿ ಮಣ್ಣು ಬೂದು ಅಥವಾ ಕಪ್ಪಾಗಿದೆ ಎಂದು ನಕ್ಷೆಯಲ್ಲಿ ಗುರುತು ಮಾಡಿ. ಸುರಿದ ರಾಶಿ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಎಲ್ಲ ಕಡೆ ಒಂದೇ ಸಮವಾಗಿಯೂ ಅಲ್ಲ. ಕುಸಿತ ಇನ್ನೂ ಜೋರಾಗಿರುವ ಜಾಗದಲ್ಲಿ ಪೈಪ್ ಹೂಳಬೇಡಿ.

## ಹಂತ 2: ಮಣ್ಣಿನ ಪರೀಕ್ಷೆ, ಆದರೆ ಹೊಲದ ಥರ ಅಲ್ಲ

ಸಾಮಾನ್ಯ ಹೊಲದಲ್ಲಿ ಹತ್ತಾರು ಕಡೆ ಮಣ್ಣು ತೆಗೆದು, ಕಲಸಿ, ಒಂದು ಮಾದರಿ ಮಾಡಿ ಕಳಿಸುತ್ತೇವೆ. ಇಲ್ಲಿ ಹಾಗೆ ಮಾಡುವುದೇ ಮೊದಲ ತಪ್ಪು. ಒಂದೊಂದು ಲಾರಿ ತಂದು ಸುರಿದದ್ದು ಒಂದೊಂದು ಥರದ ಮಣ್ಣು. ಹತ್ತು ಹೆಜ್ಜೆ ಆಚೆ ಪಿಎಚ್ ಪೂರ್ತಿ ಬೇರೆಯಾಗಿರಬಹುದು. ಎಲ್ಲವನ್ನೂ ಕಲಸಿದರೆ ಕೆಟ್ಟ ತೇಪೆ ಒಳ್ಳೆಯ ಮಣ್ಣಿನಲ್ಲಿ ಅಡಗಿಬಿಡುತ್ತದೆ, ವರದಿ ಚೆನ್ನಾಗಿ ಬರುತ್ತದೆ, ಹುಲ್ಲು ಮಾತ್ರ ಸಾಯುತ್ತದೆ. ಬಣ್ಣ, ಕಲ್ಲು, ಇಳಿಜಾರು ನೋಡಿ ಜಮೀನನ್ನು ತುಂಡು ಮಾಡಿ. ಪ್ರತಿ ತುಂಡಿನಿಂದ 0–15, 15–30 ಮತ್ತು 30–60 ಸೆಂ.ಮೀ. ಆಳದ ಮಾದರಿಗಳನ್ನು ಬೇರೆ ಬೇರೆಯಾಗಿ ಕಳಿಸಿ.

ಪಿಎಚ್, ಇಸಿ, ಸಾವಯವ ಇಂಗಾಲ, ರಂಜಕ, ಪೊಟ್ಯಾಶ್ ಇವೆಲ್ಲ ಸರಿ. ಇವುಗಳ ಜೊತೆಗೆ ಕೇಳಿ ಮಾಡಿಸಬೇಕಾದ್ದು ಸೋಡಿಯಂ ಪ್ರಮಾಣ, ಪೈರೈಟ್ ಗಂಧಕ, ತಾಮ್ರ, ಮಾಲಿಬ್ಡಿನಂ, ಸೆಲೆನಿಯಂ. ಲೋಹದ ಗಣಿಯಾಗಿದ್ದರೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಕೂಡ.

ಪೈರೈಟ್ ಬಗ್ಗೆ ಸ್ವಲ್ಪ ನಿಲ್ಲೋಣ. ಇವತ್ತಿನ ಪಿಎಚ್ 6.5 ಇದೆ ಅಂದಮಾತ್ರಕ್ಕೆ ಮಣ್ಣು ಚೆನ್ನಾಗಿದೆ ಅಂತಲ್ಲ. ಪೈರೈಟ್ ಎಂಬುದು ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಗಾಳಿ, ನೀರು ತಾಗಿದಾಗ ಅದು ನಿಧಾನವಾಗಿ ಗಂಧಕಾಮ್ಲ ಬಿಡುತ್ತದೆ. ಮಣ್ಣಿನಲ್ಲಿದ್ದ ಸುಣ್ಣದ ಅಂಶ ಮುಗಿಯುವ ತನಕ ಏನೂ ಗೊತ್ತಾಗುವುದಿಲ್ಲ. ಮುಗಿದ ಮೇಲೆ ಪಿಎಚ್ 4ಕ್ಕಿಂತ ಕೆಳಗೆ ಜಾರುತ್ತದೆ. ಮೊದಲ ವರ್ಷ ಹಸಿರಾಗಿದ್ದ ತೇಪೆ ಮೂರನೇ ವರ್ಷ ಬೋಳಾಗಲು ಇದು ಒಂದು ದೊಡ್ಡ ಕಾರಣ.

ಸೋಡಿಯಂ ಪರೀಕ್ಷೆಯ ಮೊದಲ ಸುಳಿವು ಮನೆಯಲ್ಲೇ ಸಿಗುತ್ತದೆ. ಒಣಗಿದ ಕಡಲೆಕಾಳಿನ ಗಾತ್ರದ ಹೆಂಟೆಯೊಂದನ್ನು ಮಳೆನೀರಿರುವ ಗಾಜಿನ ಲೋಟದಲ್ಲಿ ಮೆಲ್ಲಗೆ ಬಿಡಿ. ಎರಡು ಗಂಟೆ ಮುಟ್ಟಬೇಡಿ. ಹೆಂಟೆಯ ಸುತ್ತ ಹಾಲಿನಂತೆ ಮಬ್ಬು ಎದ್ದರೆ ಸೋಡಿಯಂ ಜಾಸ್ತಿ ಇರುವ ಸಾಧ್ಯತೆ ಹೆಚ್ಚು. ಮಬ್ಬಿಲ್ಲದೆ ಬರೀ ಪುಡಿಯಾಗಿ ಕುಸಿದರೆ ಸಾವಯವ ಅಂಶ ಕಡಿಮೆ ಎಂದರ್ಥ. ಕೊಳವೆಬಾವಿಯ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರಲ್ಲಿರುವ ಉಪ್ಪು ಮಬ್ಬನ್ನು ತಡೆದು ಮೋಸ ಮಾಡುತ್ತದೆ.

## ಹಂತ 3: ನೀರಿನ ಪರೀಕ್ಷೆ

ಹಳೆಯ ಗಣಿಗುಂಡಿಯಲ್ಲಿ ನಿಂತ ನೀರು ತಿಳಿಯಾಗಿ, ನೀಲಿಯಾಗಿ ಕಾಣುತ್ತದೆ. ತಿಳಿಯಾಗಿದೆ ಅಂತ ನಂಬಬೇಡಿ. ಆಮ್ಲ ಜಾಸ್ತಿ ಇರುವ ನೀರಿನಲ್ಲೂ ಪಾಚಿ, ಕೆಸರು ಕಡಿಮೆಯೇ. ಆಳದ ಗುಂಡಿಗಳಲ್ಲಿ ಮೇಲಿನ ನೀರಿಗೂ ಕೆಳಗಿನ ನೀರಿಗೂ ತುಂಬಾ ವ್ಯತ್ಯಾಸ ಇರುತ್ತದೆ. ಆದ್ದರಿಂದ ಪಂಪಿನ ಬಾಯಿ ಯಾವ ಆಳದಲ್ಲಿರುತ್ತದೋ ಆ ಆಳದಿಂದಲೇ ಮಾದರಿ ತೆಗೆಯಿರಿ. ಮಳೆಗಾಲ ಮುಗಿದಾಗ ಒಮ್ಮೆ, ಬೇಸಿಗೆಯ ಕೊನೆಗೆ ಒಮ್ಮೆ.

ನೀರಾವರಿಗೆ ಇಸಿ ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ಉಪ್ಪಿನ ಚಿಂತೆಯಿಲ್ಲ. 0.7ರಿಂದ 3ರ ನಡುವೆ ಎಚ್ಚರದಿಂದ ಬಳಸಬೇಕು. 3 ದಾಟಿದರೆ ಬೇರೆ ನೀರು ಹುಡುಕಿ. ಮಾಲಿಬ್ಡಿನಂ ಲೀಟರಿಗೆ 0.01 ಮಿ.ಗ್ರಾಂ, ಸೆಲೆನಿಯಂ 0.02 ಮಿ.ಗ್ರಾಂ ಮೀರಬಾರದು. ಈ ಮಿತಿ ಇಷ್ಟು ಚಿಕ್ಕದಾಗಿರುವುದು ಹುಲ್ಲನ್ನು ಉಳಿಸಲು ಅಲ್ಲ, ಅದನ್ನು ತಿನ್ನುವ ದನಗಳನ್ನು ಉಳಿಸಲು. ಹುಲ್ಲು ಈ ಎರಡನ್ನೂ ಹೀರಿಕೊಂಡು ಹಸಿರಾಗಿಯೇ ಇರುತ್ತದೆ.

ದನ ಕುಡಿಯುವ ನೀರಿನ ಲೆಕ್ಕ ಬೇರೆ. ಸಲ್ಫೇಟ್ ಕರುಗಳಿಗೆ ಲೀಟರಿಗೆ 500 ಮಿ.ಗ್ರಾಂ, ದೊಡ್ಡ ದನಗಳಿಗೆ 1000 ಮಿ.ಗ್ರಾಂ ಒಳಗಿರಲಿ. ಸಲ್ಫೇಟ್ ಜಾಸ್ತಿಯಾದರೆ ಭೇದಿ ಶುರುವಾಗುತ್ತದೆ, ತೀರಾ ಜಾಸ್ತಿಯಾದರೆ ಮಿದುಳಿಗೂ ಪೆಟ್ಟು ಬೀಳುತ್ತದೆ. ಹುಲ್ಲಿಗೆ ನಡೆಯುವ ನೀರು ದನಕ್ಕೂ ನಡೆಯುತ್ತದೆ ಎಂದು ಒಂದೇ ಪೈಪಿನಿಂದ ತೊಟ್ಟಿ ತುಂಬಿಸುವುದು ತುಂಬಾ ಕಡೆ ಕಾಣುವ ತಪ್ಪು.

## ಹಂತ 4: ಗಟ್ಟಿ ಪದರ ಒಡೆಯಿರಿ

ಮಳೆಯಾದ ಮರುದಿನ ಕಬ್ಬಿಣದ ಸರಳನ್ನು ಕೈಬಲದಿಂದ ಒತ್ತಿ. ಎಲ್ಲಿ ಸಟಕ್ಕನೆ ನಿಲ್ಲುತ್ತದೋ ಆ ಆಳ ಬರೆದುಕೊಳ್ಳಿ. ಕಲ್ಲು ತಾಗಿರಬಹುದು, ಆದ್ದರಿಂದ ಪಕ್ಕದಲ್ಲೇ ಇನ್ನೆರಡು ಸಲ ಒತ್ತಿ ನೋಡಿ. ಮೂರು ಸಲವೂ ಅದೇ ಆಳದಲ್ಲಿ ನಿಂತರೆ ಅದು ಗಟ್ಟಿ ಪದರ. ಬೇರು ಕೂಡ ಅಲ್ಲೇ ನಿಲ್ಲುತ್ತದೆ.

ಸೀಳುವುದು ನೆಲ ಒಣಗಿದಾಗ ಮಾತ್ರ. ಒಣ ನೆಲ ಬಿರುಕುಬಿಟ್ಟು ಒಡೆಯುತ್ತದೆ. ಹಸಿ ನೆಲದಲ್ಲಿ ರಿಪ್ಪರ್ ಸೀಳು ಮಾತ್ರ ಬಿಟ್ಟು ಹೋಗುತ್ತದೆ, ಸೀಳಿನ ಗೋಡೆಗಳು ಇನ್ನಷ್ಟು ಗಟ್ಟಿಯಾಗುತ್ತವೆ. 50–60 ಸೆಂ.ಮೀ. ಆಳ, ಸೀಳಿನಿಂದ ಸೀಳಿಗೆ ಸುಮಾರು ಅಷ್ಟೇ ಅಂತರ, ಇಳಿಜಾರಿಗೆ ಅಡ್ಡವಾಗಿ. ಮೇಲಿನಿಂದ ಕೆಳಗೆ ಸೀಳಿದರೆ ಮೊದಲ ಜೋರು ಮಳೆಗೆ ಪ್ರತಿ ಸೀಳೂ ಕೊರಕಲಾಗುತ್ತದೆ.

ಮಗುಚುವ ನೇಗಿಲು ಹಾಕಲೇಬೇಡಿ. ಕೆಳಗಿನ ಗಣಿರಾಶಿ ಮೇಲೆ ಬರಬಾರದು. ಸೀಳಿದ ಮೇಲೆ ಆ ಜಾಗದಲ್ಲಿ ಭಾರದ ಗಾಡಿ ಓಡಿಸಬೇಡಿ. ಸುಣ್ಣ, ಗೊಬ್ಬರ ತರುವ ಟ್ರ್ಯಾಕ್ಟರ್‌ಗೆ ಒಂದು ದಾರಿ ಗೊತ್ತು ಮಾಡಿ, ಯಾವಾಗಲೂ ಅದೇ ದಾರಿಯಲ್ಲಿ ಓಡಲಿ.

## ಹಂತ 5: ಸುಣ್ಣ, ಜಿಪ್ಸಂ, ಗೊಬ್ಬರ

ಆಮ್ಲಕ್ಕೆ ಸುಣ್ಣದ ಪುಡಿ, ಸೋಡಿಯಂಗೆ ಜಿಪ್ಸಂ. ಇವೆರಡನ್ನು ಅದಲುಬದಲು ಮಾಡುವವರು ತುಂಬಾ ಜನ. ಜಿಪ್ಸಂ ಆಮ್ಲ ಕಳೆಯುವುದಿಲ್ಲ. ಪಿಎಚ್ ಜಾಸ್ತಿ ಇರುವ ಚೌಳು ಮಣ್ಣಿಗೆ ಸುಣ್ಣ ಹಾಕಿ ಪ್ರಯೋಜನವಿಲ್ಲ.

ಪೈರೈಟ್ ಗಂಧಕಕ್ಕೆ ಸುಣ್ಣದ ಲೆಕ್ಕ ಸುಲಭ. ಮಣ್ಣಿನಲ್ಲಿ 1 ಶೇಕಡಾ ಪೈರೈಟ್ ಗಂಧಕ ಇದ್ದರೆ 1000 ಟನ್ ಮಣ್ಣಿಗೆ 31.25 ಟನ್ ಶುದ್ಧ ಸುಣ್ಣದಕಲ್ಲು ಬೇಕು. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 2250 ಟನ್ ತೂಗುತ್ತದೆ. ಗಂಧಕ 0.1 ಶೇಕಡಾ ಇದ್ದರೂ ಹೆಕ್ಟೇರಿಗೆ 7 ಟನ್ ಬೇಕು, ಅಂದರೆ ಎಕರೆಗೆ ಮೂರು ಟನ್ ಹತ್ತಿರ. ನಿಮಗೆ ಸಿಗುವ ಪುಡಿ ಪೂರ್ತಿ ಶುದ್ಧವೂ ಇರುವುದಿಲ್ಲ, ಪೂರ್ತಿ ನುಣ್ಣಗೂ ಇರುವುದಿಲ್ಲ. ಅದಕ್ಕೆ ಇನ್ನಷ್ಟು ಸೇರಿಸಬೇಕು. ಗಂಧಕ 1 ಶೇಕಡಾ ಇದ್ದರೆ ಹೆಕ್ಟೇರಿಗೆ 70 ಟನ್ ಆಗುತ್ತದೆ. ಅಷ್ಟು ಸುಣ್ಣ ಹಾಕುವ ಬದಲು ಆ ತೇಪೆಯ ಮೇಲೆ ಒಳ್ಳೆಯ ಮಣ್ಣು ತಂದು ಹೊದಿಸುವುದೇ ವಾಸಿ.

ಸುಣ್ಣವನ್ನು ಬಿತ್ತನೆಗೆ ಮೊದಲೇ ಮಣ್ಣಿನಲ್ಲಿ ಕಲಸಿ. ಮೇಲೆ ಚೆಲ್ಲಿದ ಸುಣ್ಣ ವರ್ಷಗಳಾದರೂ ಕೆಲವು ಸೆಂ.ಮೀ.ಗಿಂತ ಕೆಳಗೆ ಇಳಿಯುವುದಿಲ್ಲ. ಹಾಗಂತ ಅಂದಾಜಿನ ಮೇಲೆ ಸುರಿಯಬೇಡಿ. ಪಿಎಚ್ ಏರಿದಂತೆ ಮಾಲಿಬ್ಡಿನಂ ಹುಲ್ಲಿಗೆ ಜಾಸ್ತಿ ಸಿಗುತ್ತದೆ. ಮಾಲಿಬ್ಡಿನಂ ಇರುವ ಮಣ್ಣಿನಲ್ಲಿ 6ರ ಆಸುಪಾಸು ತಂದು ನಿಲ್ಲಿಸಿ. ಜಿಪ್ಸಂ ಎಷ್ಟು ಎಂಬುದನ್ನು ಪ್ರಯೋಗಾಲಯದ ವರದಿ ನೋಡಿಯೇ ಹಾಕಿ.

ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಹೆಕ್ಟೇರಿಗೆ 20ರಿಂದ 40 ಟನ್. ರಂಜಕವನ್ನು ಎರಚಬೇಡಿ, ಬೀಜದ ಸಾಲಿನ ಹತ್ತಿರ ಕೊಡಿ. ಗಣಿಮಣ್ಣಿನ ಕಬ್ಬಿಣ ಅದನ್ನು ಬೇಗ ಹಿಡಿದಿಟ್ಟುಕೊಳ್ಳುತ್ತದೆ.

## ಹಂತ 6: ನೀರಿನ ಜೋಡಣೆ

ಮಡಿ ಕಟ್ಟಿ ಹಾಯಿನೀರು ಬಿಡುವುದು ಈ ಜಮೀನಿಗೆ ಹೊಂದುವುದಿಲ್ಲ. ಇವತ್ತು ಮಟ್ಟ ಮಾಡಿದ ಮಡಿ ನೆಲ ಕುಸಿದು ಆರು ತಿಂಗಳಲ್ಲಿ ಮಟ್ಟ ತಪ್ಪುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಬಿರುಕಿದ್ದರೆ ನೀರೆಲ್ಲ ಒಳಗೆ ನುಗ್ಗಿ ಸುರಂಗ ಕೊರೆಯುತ್ತದೆ. ನನ್ನ ಮಟ್ಟಿಗೆ ಸ್ಪ್ರಿಂಕ್ಲರ್ ಒಂದೇ ದಾರಿ. ಪೈಪುಗಳು ಬಾಗುವಂಥ ಎಚ್‌ಡಿಪಿಇ ಪ್ಲಾಸ್ಟಿಕ್ ಆಗಿರಲಿ, ನೆಲದ ಮೇಲೆಯೇ ಇರಲಿ. ಹೂತ ಗಟ್ಟಿ ಪೈಪು ಕುಸಿತಕ್ಕೆ ಕೀಲಿನಲ್ಲಿ ಬಿಟ್ಟುಕೊಂಡರೆ ಸೋರುವುದು ಗೊತ್ತಾಗುವ ಹೊತ್ತಿಗೆ ದೊಡ್ಡ ಗುಂಡಿಯೇ ಆಗಿರುತ್ತದೆ.

ಸ್ಪ್ರಿಂಕ್ಲರ್ ಕೊಳ್ಳುವ ಮೊದಲು ನೆಲ ಎಷ್ಟು ನೀರು ಕುಡಿಯುತ್ತದೆ ಎಂದು ಅಳೆಯಿರಿ. ಅಗಲ ಕೊಳವೆಯ ತುಂಡನ್ನು 5–10 ಸೆಂ.ಮೀ. ನೆಲಕ್ಕೆ ಒತ್ತಿ. 25 ಮಿ.ಮೀ. ಎತ್ತರ ನೀರು ಹಾಕಿ ಇಂಗಲು ಬಿಡಿ. ಮತ್ತೆ 25 ಮಿ.ಮೀ. ಹಾಕಿ, ಈ ಸಲ ಹೊತ್ತು ನೋಡಿ. ಎರಡು ಗಂಟೆ ಹಿಡಿದರೆ ನೆಲ ಗಂಟೆಗೆ 12 ಮಿ.ಮೀ. ಕುಡಿಯುತ್ತದೆ ಎಂದರ್ಥ. ಸ್ಪ್ರಿಂಕ್ಲರ್ ಅದಕ್ಕಿಂತ ಕಡಿಮೆ ಸುರಿಸಬೇಕು.

ಜೋಡಿಸಿದ ಮೇಲೆ ಡಬ್ಬಿಗಳನ್ನು ಸಮ ಅಂತರದಲ್ಲಿ ಇಟ್ಟು ಅರ್ಧ ಗಂಟೆ ನೀರು ಬಿಡಿ. ಅತಿ ಕಡಿಮೆ ನೀರು ಬಿದ್ದ ಐದು ಡಬ್ಬಿಗಳ ಸರಾಸರಿಯನ್ನು ಇಪ್ಪತ್ತರ ಸರಾಸರಿಯಿಂದ ಭಾಗಿಸಿ. 0.7ಕ್ಕಿಂತ ಕಡಿಮೆ ಬಂದರೆ ಒತ್ತಡ, ನಾಜಲ್, ಅಂತರ ಸರಿಮಾಡಿ. ಇಲ್ಲದಿದ್ದರೆ ಒಣ ತೇಪೆಗೆ ನೀರು ಮುಟ್ಟಿಸಲು ಹೋಗಿ ಉಳಿದ ಕಡೆ ನೀರು ಗಣಿರಾಶಿಗೆ ಇಳಿಯುತ್ತದೆ.

## ಹಂತ 7: ಹುಲ್ಲು ಆರಿಸಿ ಬಿತ್ತುವುದು

ಒಂದೇ ಹುಲ್ಲನ್ನು ನೆಚ್ಚಿಕೊಳ್ಳಬೇಡಿ. ತೇಪೆಯಿಂದ ತೇಪೆಗೆ ಬದಲಾಗುವ ಮಣ್ಣಿಗೆ ನಾಲ್ಕೈದು ಬಗೆ ಬೆರೆಸಿ ಬಿತ್ತಿದರೆ ಯಾವ ಜಾಗಕ್ಕೆ ಯಾವುದು ಒಗ್ಗುತ್ತದೋ ಅದು ನಿಲ್ಲುತ್ತದೆ. ಉಪ್ಪಿರುವ ಕಡೆ ಗರಿಕೆ, ರೋಡ್ಸ್ ಹುಲ್ಲು ತಡೆಯುತ್ತವೆ. ಗರಿಕೆ ಮಣ್ಣಿನ ಇಸಿ ಸುಮಾರು 7 ಆಗುವವರೆಗೂ ಇಳುವರಿ ಬಿಡುವುದಿಲ್ಲ. ಆಮ್ಲದ ಮಣ್ಣಿಗೆ ಬ್ರಾಕಿಯಾರಿಯಾ ಮತ್ತು ಸ್ಟೈಲೋ. ಚಳಿಯ ಸೀಮೆಯಾದರೆ ಟಾಲ್ ಫೆಸ್ಕ್ಯೂ, ಅದೂ ವಿಷದ ಶಿಲೀಂಧ್ರವಿಲ್ಲದ ತಳಿ ಕೇಳಿ ತರಬೇಕು.

ಕುದುರೆ ಮೆಂತೆ ಅಂದರೆ ಲೂಸರ್ನ್ ಬೇಕೇ ಬೇಕು ಎಂದು ಕೆಲವರು ಹಟ ಹಿಡಿಯುತ್ತಾರೆ. ಅದಕ್ಕೆ ಆಳವಾದ ಮಣ್ಣು ಬೇಕು, ನೀರು ನಿಲ್ಲಬಾರದು, ಪಿಎಚ್ 6.5ರ ಮೇಲಿರಬೇಕು, ಇಸಿ 2 ದಾಟಿದರೆ ಸೊರಗುತ್ತದೆ. ಈ ನಾಲ್ಕೂ ಇರುವ ಗಣಿಜಮೀನು ಅಪರೂಪ. ದ್ವಿದಳ ಬೇಕಾದರೆ ಸ್ಟೈಲೋ ಅಥವಾ ಆ ಹವೆಗೆ ಒಗ್ಗುವ ಕ್ಲೋವರ್ ನೋಡಿ. ಬೀಜಕ್ಕೆ ಅದರದ್ದೇ ರೈಜೋಬಿಯಂ ಹಚ್ಚುವುದು ಮರೆಯಬೇಡಿ. ತಂದು ಹರಡಿದ ಮಣ್ಣಿನಲ್ಲಿ ಆ ಜೀವಾಣು ತಾನಾಗಿ ಇರುವುದಿಲ್ಲ ಎಂದೇ ಲೆಕ್ಕ ಹಾಕಿ.

ಬೀಜ ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋಗಬಾರದು. ಬಿತ್ತಿದ ಮೇಲೆ ಹಗುರವಾದ ರೋಲರ್ ಎಳೆದು, ತೆಳ್ಳಗೆ ಒಣಹುಲ್ಲು ಹೊದಿಸಿ. ಹೊದಿಕೆ ಇಲ್ಲದಿದ್ದರೆ ಮೇಲ್ಮೈ ಹಕ್ಕಳೆಗಟ್ಟಿ ಮೊಳಕೆ ಅಡಿಯಲ್ಲೇ ಸಾಯುತ್ತದೆ. ಮೊದಲ ಎರಡು ವಾರ ದಿನಾ 4–6 ಮಿ.ಮೀ. ನೀರು, ಆಮೇಲೆ ನಿಧಾನಕ್ಕೆ ಅಂತರ ಹೆಚ್ಚಿಸಿ.

## ಹಂತ 8: ನೀರಿನ ಲೆಕ್ಕ

ಹೆಚ್ಚು ಜನ ಸೋಲುವುದು ಇಲ್ಲೇ. ಅದಕ್ಕೇ ಲೆಕ್ಕವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೇಲ್ಮಣ್ಣು 30 ಸೆಂ.ಮೀ. ಇದೆ ಎನ್ನೋಣ. ಗೋಡು ಮಣ್ಣು ಪ್ರತಿ ಸೆಂ.ಮೀ. ಆಳಕ್ಕೆ ಗಿಡಕ್ಕೆ ಸಿಗುವಂಥ ನೀರು ಸುಮಾರು 1.5 ಮಿ.ಮೀ. ಹಿಡಿಯುತ್ತದೆ. ಒಟ್ಟು 45 ಮಿ.ಮೀ. ಅದರಲ್ಲಿ ಮೂರನೇ ಒಂದು ಭಾಗ ಕಲ್ಲಿದ್ದರೆ ಆ ಜಾಗ ನೀರು ಹಿಡಿಯುವುದಿಲ್ಲ, ಉಳಿದದ್ದು 30 ಮಿ.ಮೀ. ಅರ್ಧ ಖಾಲಿಯಾದಾಗ ನೀರು ಕೊಡಬೇಕು ಎಂಬುದು ನಿಯಮ. ಅಂದರೆ ಒಂದು ಸಲಕ್ಕೆ ಕೊಡಬಹುದಾದ್ದು 15 ಮಿ.ಮೀ. ಮಾತ್ರ. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ 5 ಮಿ.ಮೀ. ಕುಡಿದರೆ ಮೂರು ದಿನಕ್ಕೊಮ್ಮೆ ನೀರು.

ಈಗ ರೂಢಿಯಂತೆ ವಾರಕ್ಕೊಮ್ಮೆ 50 ಮಿ.ಮೀ. ಬಿಟ್ಟರೆ ಏನಾಗುತ್ತದೆ ನೋಡಿ. ಹುಲ್ಲಿಗೆ ಮೊದಲ ಆರು ದಿನಕ್ಕೆ ಸಾಕಾಗುವಷ್ಟು, 30 ಮಿ.ಮೀ., ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಅದರಲ್ಲೂ ಕೊನೆಯ ಮೂರು ದಿನ ಹುಲ್ಲು ಬಾಯಾರಿರುತ್ತದೆ. ಕನಿಷ್ಠ 20 ಮಿ.ಮೀ. ಗಣಿರಾಶಿಗೆ ಹೋಗುತ್ತದೆ, ಹೆಕ್ಟೇರಿಗೆ ಎರಡು ಲಕ್ಷ ಲೀಟರ್. ಒಂದೇ ವಾರದಲ್ಲಿ ಹುಲ್ಲು ಒಣಗುವುದೂ ಉಂಟು, ಬುಡದಲ್ಲಿ ಕೆಂಪು ನೀರು ಒಸರುವುದೂ ಉಂಟು. ನೀರು ಸಾಲದು ಎಂದು ಕಂಡದ್ದು ನಿಜವೇ. ಆದರೆ ಅದಕ್ಕೆ ಮದ್ದು ಒಂದು ಸಲಕ್ಕೆ ಜಾಸ್ತಿ ಕೊಡುವುದಲ್ಲ, ಕಡಿಮೆ ಕೊಟ್ಟು ಬೇಗ ಬೇಗ ಕೊಡುವುದು.

ಈ ಲೆಕ್ಕ ಸರಿಯಿದೆಯೇ ಎಂದು ನೋಡಲು ಎರಡು ಟೆನ್ಸಿಯೋಮೀಟರ್ ಬೇಕು. ಒಂದು 15 ಸೆಂ.ಮೀ. ಆಳಕ್ಕೆ, ಇನ್ನೊಂದು ಮೇಲ್ಮಣ್ಣಿನ ತಳಕ್ಕೆ. ಮಣ್ಣು ಒಣಗಿದಷ್ಟೂ ಇದರ ಅಂಕಿ ಏರುತ್ತದೆ. ಗೋಡು ಮಣ್ಣಿನಲ್ಲಿ ಮೇಲಿನದು 40–50 ಸೆಂಟಿಬಾರ್ ತೋರಿಸಿದಾಗ ನೀರು ಕೊಡಿ, ಮರಳು ಮಣ್ಣಾದರೆ 25–30ಕ್ಕೇ ಕೊಡಿ. ಪ್ರತಿ ಸಲ ನೀರು ಬಿಟ್ಟ ಮೇಲೆ ಕೆಳಗಿನದು 10ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ನೀರು ತಳ ದಾಟುತ್ತಿದೆ ಎಂದರ್ಥ. ಹೊತ್ತು ಕಡಿಮೆ ಮಾಡಿ. ತೂತಿನ ಪಿವಿಸಿ ಪೈಪನ್ನು ಮೇಲ್ಮಣ್ಣಿನ ತಳದ ತನಕ ಇಳಿಸಿಡಿ. ಅದರಲ್ಲಿ ಎರಡು ದಿನವಾದರೂ ನೀರು ನಿಂತಿದ್ದರೆ ಗಟ್ಟಿ ಪದರ ಇನ್ನೂ ಒಡೆದಿಲ್ಲ.

ಉಪ್ಪುನೀರು ಬಳಸುವವರಿಗೆ ಇಲ್ಲೊಂದು ಇಕ್ಕಟ್ಟಿದೆ. ಬೇರಿನ ಬಳಿ ಕೂಡುವ ಉಪ್ಪನ್ನು ತೊಳೆಯಲು ಸ್ವಲ್ಪ ಹೆಚ್ಚು ನೀರು ಬೇಕು. ನೀರಿನ ಇಸಿ 1.5, ಮಣ್ಣಿನಲ್ಲಿ 4ರ ತನಕ ತಡೆಯುವ ಹುಲ್ಲು ಎಂದಿಟ್ಟುಕೊಂಡರೆ ಹೆಚ್ಚುವರಿ ಬೇಕಾದ್ದು ಶೇಕಡಾ 8ರಷ್ಟು. ಇದನ್ನು ಪ್ರತಿ ಸಲವೂ ಸೇರಿಸಬೇಡಿ. ಮಳೆಗಾಲ ಚೆನ್ನಾಗಿರುವ ಕಡೆ ಮಳೆಯೇ ತೊಳೆಯುತ್ತದೆ. ಇಲ್ಲದ ಕಡೆ, ಇಸಿ ಏರಿದ್ದು ಪರೀಕ್ಷೆಯಲ್ಲಿ ಕಂಡಾಗ, ತಂಪು ಕಾಲದಲ್ಲಿ ಒಮ್ಮೆ ತೊಳೆಯಿರಿ. ನೀರೂ ಉಪ್ಪು, ಕೆಳಗಿನ ರಾಶಿಯೂ ಆಮ್ಲದ್ದು ಎನ್ನುವಂತಿದ್ದರೆ ಅಲ್ಲಿ ನೀರಾವರಿಯನ್ನೇ ಕೈಬಿಡಿ. ತೊಳೆದರೆ ಕೆಳಗೆ ಕೆಡುತ್ತದೆ, ತೊಳೆಯದಿದ್ದರೆ ಮೇಲೆ ಕೆಡುತ್ತದೆ.

ಮಳೆ ಬಂದ ದಿನ ಪಂಪ್ ನಿಲ್ಲಿಸಿ, ಬಿದ್ದ ಮಳೆಯನ್ನು ಲೆಕ್ಕದಿಂದ ಕಳೆಯಿರಿ. ಉಪ್ಪುನೀರನ್ನು ಉರಿಬಿಸಿಲಿನಲ್ಲಿ ಸ್ಪ್ರಿಂಕ್ಲರ್‌ನಿಂದ ಹಾರಿಸಿದರೆ ಎಲೆ ಸುಡುತ್ತದೆ. ರಾತ್ರಿ ಬಿಡಿ.

## ಹಂತ 9: ದನ ಬಿಡುವುದು

ಹುಲ್ಲು ಮೊಣಕಾಲೆತ್ತರ ಬಂತು ಅಂತ ಬೇಲಿ ತೆಗೆಯಬೇಡಿ. ದನ ಮೇಯುವಂತೆಯೇ ಒಂದು ಹಿಡಿ ಹುಲ್ಲು ಹಿಡಿದು ಸರಕ್ಕನೆ ಎಳೆಯಿರಿ. ಎಲೆ ಹರಿದು ಕೈಗೆ ಬಂದರೆ ಸರಿ, ಬೇರು ಸಮೇತ ಬಂದರೆ ಇನ್ನೂ ಕಾಯಿರಿ.

ಜಮೀನನ್ನು ವಿದ್ಯುತ್ ಬೇಲಿಯಿಂದ ಅಂಕಣ ಮಾಡಿ. ಒಂದು ಅಂಕಣದಲ್ಲಿ ಒಂದರಿಂದ ಮೂರು ದಿನ, ಆಮೇಲೆ ಮೂರರಿಂದ ಐದು ವಾರ ಬಿಡುವು. ನೀರಿನ ಸರದಿಯನ್ನು ಮೇಯಿಸುವ ಸರದಿಗೆ ಹೊಂದಿಸಿ: ದನ ಹೊರಗೆ ಹೋದ ಮೇಲೆ ನೀರು, ಒಳಗೆ ಬರುವ ಎರಡು ಮೂರು ದಿನ ಮೊದಲೇ ನೀರು ಬಂದ್. ಹಸಿ ನೆಲದಲ್ಲಿ ದನದ ಗೊರಸು, ನೀವು ಖರ್ಚು ಮಾಡಿ ಸೀಳಿದ ನೆಲವನ್ನು ಮತ್ತೆ ಅಮುಕುತ್ತದೆ.

8–10 ಸೆಂ.ಮೀ. ಹುಲ್ಲು ಉಳಿಸಿಯೇ ದನ ಹೊರಗೆ ಹೊಡೆಯಿರಿ. ಬೇರೆ ಹುಲ್ಲುಗಾವಲಿನಲ್ಲಿ ಇದು ಹುಲ್ಲು ಮತ್ತೆ ಚಿಗುರಲಿ ಎಂದು ಹೇಳುವ ಮಾತು. ಇಲ್ಲಿ ದನದ ಆರೋಗ್ಯದ ಮಾತೂ ಹೌದು. ಬುಡದ ತನಕ ಮೇಯುವ ದನ ಹುಲ್ಲಿನ ಜೊತೆ ಮಣ್ಣನ್ನೂ ತಿನ್ನುತ್ತದೆ. ಹುಲ್ಲು ಹೀರದ ಸೀಸ, ಆರ್ಸೆನಿಕ್ ಕೂಡ ಹೀಗೆ ಮಣ್ಣಿನ ಮೂಲಕ ಹೊಟ್ಟೆ ಸೇರುತ್ತವೆ.

ಮೇವನ್ನೂ ಪರೀಕ್ಷೆಗೆ ಕಳಿಸಿ. ತಾಮ್ರ ಮಾಲಿಬ್ಡಿನಂನ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ತೊಂದರೆ. ಗಂಧಕವೂ ಜಾಸ್ತಿ ಇದ್ದರೆ ತೊಂದರೆ ಹೆಚ್ಚುತ್ತದೆ. ಭೇದಿ, ಕಣ್ಣಿನ ಸುತ್ತ ಕೂದಲು ಬಣ್ಣಗೆಡುವುದು, ಮೈ ಇಳಿಯುವುದು ಇದರ ಗುರುತು. ಸೆಲೆನಿಯಂ ಒಣ ಮೇವಿನಲ್ಲಿ ಕೆ.ಜಿ.ಗೆ 5 ಮಿ.ಗ್ರಾಂ ದಾಟಿದರೆ ಆ ಅಂಕಣ ಮೇಯಿಸಬೇಡಿ. ತಾಮ್ರ ಕಡಿಮೆ ಅಂತ ಸ್ವಂತ ಬುದ್ಧಿಯಿಂದ ತಾಮ್ರದ ಪುಡಿ ತಿನ್ನಿಸಬೇಡಿ, ಪಶುವೈದ್ಯರನ್ನು ಕೇಳಿ. ದನಕ್ಕೆ ಮದ್ದಾಗುವ ಅಳತೆ ಕುರಿಯನ್ನು ಕೊಲ್ಲಬಹುದು.

## ಹಂತ 10: ವರ್ಷದ ತಪಾಸಣೆ ಮತ್ತು ಎಚ್ಚರಿಕೆಯ ಗುರುತುಗಳು

ವರ್ಷಕ್ಕೊಮ್ಮೆ ಪಿಎಚ್, ಇಸಿ, ಸರಳಿನ ಪರೀಕ್ಷೆ, ಡಬ್ಬಿ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ಮೇವಿನ ಲೋಹ. ಇಳಿಜಾರಿನ ಬುಡದಲ್ಲಿ ಒಸರು ಇದ್ದರೆ ಅದರ ಪಿಎಚ್ ಮತ್ತು ಇಸಿಯನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಇದೆಲ್ಲ ಒಂದೇ ಪುಸ್ತಕದಲ್ಲಿರಲಿ.

ನಡುವೆ ಕಣ್ಣಿಗೆ ಬೀಳುವ ಗುರುತುಗಳನ್ನು ಹೀಗೆ ಓದಿ. ಬೆಳ್ಳಗೆ ಪುಡಿ ಎದ್ದರೆ ಉಪ್ಪು ಮೇಲೆ ಬರುತ್ತಿದೆ, ಮಣ್ಣಿನ ಇಸಿ ನೋಡಿ. ಕಿತ್ತಳೆ ಬಣ್ಣದ ಕಿಟ್ಟ ಕಂಡರೆ ನೀರಿನಲ್ಲಿ ಕಬ್ಬಿಣ ಇದೆ: ನಾಜಲ್‌ನಲ್ಲಿ ಕಂಡರೆ ನೀರನ್ನು ಕೆರೆಯಲ್ಲಿ ತಂಗಿಸಿ ಬಿಡಿ, ಒಸರಿನಲ್ಲಿ ಕಂಡರೆ ನೀರಿನ ಪ್ರಮಾಣ ಇಳಿಸಿ. ಹುಲ್ಲಿನ ತುದಿ ಸುಟ್ಟು, ಬೇರು ಗಿಡ್ಡವಾಗಿ ದಪ್ಪಗಾಗಿದ್ದರೆ ಅಲ್ಯೂಮಿನಿಯಂ ಕಾಟ. ಪಿಎಚ್ 5ಕ್ಕಿಂತ ಕೆಳಗೆ ಹೋಗಿರುತ್ತದೆ, ಸುಣ್ಣ ಬೇಕು. ಮಳೆಯ ನಂತರ ಮೇಲ್ಮೈ ಹಕ್ಕಳೆ ಕಟ್ಟಿ ನೀರು ಮಬ್ಬಾಗಿ ನಿಂತರೆ ಸೋಡಿಯಂ, ಹೆಂಟೆ ಪರೀಕ್ಷೆ ಮಾಡಿ.

ಬೋಳು ತೇಪೆ ಕಂಡಾಗ ಮೊದಲು ಗುದ್ದಲಿ ಹಿಡಿದು ಅಗೆಯಿರಿ, ಆಮೇಲೆ ಪಂಪಿನ ಕಡೆ ನೋಡಿ. ಒಳಗೆ ಮಣ್ಣು ಹಸಿಯಾಗಿದ್ದೂ ಹುಲ್ಲು ಸತ್ತಿದ್ದರೆ ನೀರು ಅದಕ್ಕೆ ಮದ್ದಲ್ಲ. ಆ ತೇಪೆಯ ಮಣ್ಣನ್ನಷ್ಟೇ ಬೇರೆಯಾಗಿ ಪರೀಕ್ಷೆ ಮಾಡಿಸಿ, ಸರಿಪಡಿಸಿ, ಮತ್ತೆ ಬಿತ್ತಿ. ಹೊಸ ತಗ್ಗು ಬಿದ್ದರೆ ಸುತ್ತ ಬೇಲಿ ಹಾಕಿ, ಆ ಕಡೆಯ ಸ್ಪ್ರಿಂಕ್ಲರ್ ಮುಚ್ಚಿ, ಕುಸಿತ ನಿಂತ ಮೇಲೆ ಮೇಲ್ಮಣ್ಣಿನಿಂದಲೇ ತುಂಬಿ.

ಕಲ್ಲಿದ್ದಲ ಗಣಿಯಾಗಿದ್ದಲ್ಲಿ ಬಿರುಕಿನಿಂದ ಹೊಗೆ, ಬಿಸಿಗಾಳಿ ಅಥವಾ ಗಂಧಕದ ವಾಸನೆ ಬರುತ್ತಿದ್ದರೆ ಒಳಗೆ ಕಲ್ಲಿದ್ದಲು ತಾನೇ ಹೊತ್ತಿಕೊಂಡಿರಬಹುದು. ಹತ್ತಿರ ಹೋಗಿ ನೋಡಬೇಡಿ, ನೀರು ಸುರಿದು ಆರಿಸಲೂ ಹೋಗಬೇಡಿ. ಮೇಲಿನ ನೆಲ ಟೊಳ್ಳಾಗಿರಬಹುದು. ಜನ, ದನ ಎರಡನ್ನೂ ದೂರ ಕಳಿಸಿ, ಗಣಿ ಸುರಕ್ಷತೆ ನೋಡಿಕೊಳ್ಳುವವರಿಗೆ ತಕ್ಷಣ ತಿಳಿಸಿ.